ಊರ ಮುಂದಿನ ತೋಪು

ಬೆಳಿಗ್ಗೆ ಎಂಟಕ್ಕೆ ಪುರಸಭೆಯ ಗುಮಾಸ್ತ ಒಂದು ಚೀಟಿ ಹಿಡಿದು ಓಡಿಬಂದಾಗ ವೆಲ್ಡರ್ ಇನ್ನೂ ಮುಖ ತೊಳೆದಿರಲಿಲ್ಲ. ಮಗಳು ಏಳು ತಿಂಗಳ ಬಸುರಿ. ಅವಳ ಗಂಡನ ಹೆಸರು ನಾಳೆ ಯುದ್ಧಕ್ಕೆ ಹೊರಡುವವರ ಪಟ್ಟಿಯಲ್ಲಿತ್ತು. ಅಳಿಯನೇನು ದೊಡ್ಡ ಆಸಾಮಿಯಲ್ಲ. ಉಣ್ಣುವುದರಲ್ಲಿ ಮುಂದು, ಏಳುವುದರಲ್ಲಿ ಹಿಂದು. ಆದರೂ ಈ ಊರಿನಿಂದ ಯುದ್ಧಕ್ಕೆ ಹೋದ ಅಳಿಯಂದಿರಲ್ಲಿ ಒಬ್ಬನೂ ಇನ್ನೂ ವಾಪಸು ಬಂದಿರಲಿಲ್ಲ.

"ಮೇಜರ್ ಸಾಹೇಬ್ರು ಫೋನ್ ಮಾಡಿದ್ರು ಕಣಯ್ಯಾ," ಎಂದು ಗುಮಾಸ್ತ ಏದುಸಿರು ಬಿಡುತ್ತ ಓದಿದ. "'ಊರ ಮುಂದಿನ ತೋಪನ್ನ ಸಂಜೆಯೊಳಗೆ ಕಡಿಸಿ, ಬಂದದ್ದನ್ನ ಜನಕ್ಕೆ ಹಂಚಿ. ಮುಗಿಸಿದವನ ಮನೆಯಿಂದ ಒಬ್ಬರನ್ನ ಪಟ್ಟಿಯಿಂದ ಬಿಡ್ತೀನಿ.' ಕಬ್ಬಿಣ ಕಡಿಯೋಕೆ ನಿನ್ನ ಬಿಟ್ಟು ಇನ್ಯಾರಿದಾರೆ?"

ವೆಲ್ಡರಿಗೆ ಹೋದ ಜೀವ ಬಂದಂತಾಯಿತು.

ತೋಪು ಶತ್ರುಗಳಿಂದ ಕಿತ್ತುಕೊಂಡದ್ದು. ಅದಕ್ಕೆ ಹೊಂದುವ ಗುಂಡು ನಮ್ಮವರ ಬಳಿ ಇಲ್ಲದೆ ಒಂದು ತಿಂಗಳಿಂದ ಊರ ಮುಂದಿನ ಮರಗಳ ಹತ್ತಿರ ದಂಡಪಿಂಡದಂತೆ ಬಿದ್ದಿತ್ತು. ಹೆಂಗಸರು ಅದರ ನಳಿಕೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

ವೆಲ್ಡರ್ ಸಿಲಿಂಡರ್ ಉರುಳಿಸಿಕೊಂಡು ಹೋಗುವಷ್ಟರಲ್ಲಿ ಊರೇ ನೆರೆದಿತ್ತು.

"ನಳಿಕೆ ನಂಗೆ," ಎಂದ ಬೇಕರಿಯವ. "ನನ್ನ ಚಿಮಣಿ ಬಾಂಬಿಗೆ ಹೋಗಿದೆ."

"ಚಕ್ರ ಆಸ್ಪತ್ರೆಗೆ," ಎಂದ ಡಾಕ್ಟರು. "ರೋಗಿಗಳನ್ನ ಹೊತ್ತು ಹೊತ್ತು ಕಾಂಪೌಂಡರ್ ಹೆಗಲು ಬಿದ್ದೋಗಿದೆ."

"ನಿಮ್ಮಲ್ಲಿಂದ ಕೊನೆಗೆ ಬರೋದು ನನ್ನ ಹತ್ರಾನೇ ಅಲ್ವಾ ಡಾಕ್ಟ್ರೇ?" ಎಂದ ಸ್ಮಶಾನದಲ್ಲಿ ಗುಂಡಿ ತೋಡುವವ. "ಚಕ್ರ ನಂಗೇ ಕೊಡ್ಸಿ."

ಗುಮಾಸ್ತ ತಲೆಗೊಂದು ಚಕ್ರ ಎಂದು ತೀರ್ಪು ಕೊಟ್ಟ. ಒಂದು ಚಕ್ರ ಕಟ್ಟಿಕೊಂಡು ಏನು ಮಾಡುವುದೆಂದು ಇಬ್ಬರೂ ಅವನ ಮೇಲೇ ತಿರುಗಿಬಿದ್ದರು. ಕಡೆಗೆ ಒಂದೇ ಗಾಡಿ, ಆಸ್ಪತ್ರೆಗೆ ಹೋಗುವಾಗ ಡಾಕ್ಟರದು, ಅಲ್ಲಿಂದ ಬರುವಾಗ ಗುಂಡಿಯವನದು ಎಂದು ರಾಜಿಯಾಯಿತು. ತೋಪಿನ ಮುಂದಿನ ತಗಡನ್ನು ವೆಲ್ಡರನ ಪಕ್ಕದ ಮನೆಯ ಅತ್ತೆ ಬಾಂಬು ಬಿದ್ದಾಗ ಅಡಗುವ ಹಳ್ಳಕ್ಕೆ ಮುಚ್ಚಳವೆಂದು ಆಗಲೇ ಅಪ್ಪಿಕೊಂಡು ಕೂತಿದ್ದಳು.

ನಳಿಕೆಗೆ ಬೆಂಕಿ ತಾಗಿಸಿದ್ದೇ ತಡ, ಒಳಗಿದ್ದ ಹಳೆ ಗ್ರೀಸು ಭಗ್ಗೆಂದು ಹೊತ್ತಿಕೊಂಡು ವೆಲ್ಡರನ ಹುಬ್ಬುಗಳೆರಡೂ ಮಾಯವಾದವು. ಅತ್ತೆ ಗಾಬರಿಯಲ್ಲಿ ಒಂದು ಬಕೆಟ್ ಸೋಪಿನ ನೀರನ್ನು ಅವನ ತಲೆಗೆ ಸುರಿದಳು. ಮಧ್ಯಾಹ್ನಕ್ಕೆ ಆಮ್ಲಜನಕ ಮುಗಿಯಿತು. ನಳಿಕೆ ಇನ್ನೂ ಅರ್ಧ ಬಾಕಿ. ವೆಲ್ಡರ್ ನೆಲದ ಮೇಲೆ ಕುಸಿದು, "ನನ್ನ ಮಗಳ ಗತಿ ಏನು?" ಎಂದು ಗಟ್ಟಿಯಾಗಿಯೇ ಅತ್ತ.

ಡಾಕ್ಟರು ಆಸ್ಪತ್ರೆಯಿಂದ ಒಂದು ಸಿಲಿಂಡರ್ ತರಿಸಿದರು.

"ಇದು ರೋಗಿಗೆ ಬೇಡ್ವಾ ಸಾರ್?"

"ಬೇಕಾಗಿತ್ತು. ಹನ್ನೊಂದು ಗಂಟೆವರೆಗೆ."

ವೆಲ್ಡರ್ ಅದನ್ನು ಜೋಡಿಸಿಕೊಂಡು ಕಡಿದ. ಐದೂವರೆಗೆ ನಳಿಕೆ ಬೇಕರಿಯ ಸೂರಿನ ಮೇಲೆ ಆಕಾಶಕ್ಕೆ ಮುಖ ಮಾಡಿ ನಿಂತಿತು. ಆರಕ್ಕೆ ಮೇಜರನ ಜೀಪು, ಹಿಂದೆ ಒಂದು ಲಾರಿ ಬಂದು ನಿಂತವು. ಹುಬ್ಬಿಲ್ಲದ ವೆಲ್ಡರ್ ಸೆಟೆದು ಸಲಾಮು ಹೊಡೆದ.

ಮೇಜರ್ ಮರಗಳ ಕಡೆ ನೋಡಿದ. "ಇನ್ನೂ ಶುರುವೇ ಮಾಡಿಲ್ವೇನ್ರೀ? ತೋಪು ಕಡಿಸಿ ಅಂದಿದ್ನಲ್ಲ!"

"ಕಡಿದು ಹಂಚಿಯೂ ಆಯ್ತು ಸಾರ್! ಅಗೋ, ಬೇಕರಿ ಮೇಲೆ ನೋಡಿ."

ಮೇಜರ್ ನೋಡಿದ. ನಳಿಕೆಯ ಬಾಯಿಂದ ಮೆಲ್ಲಗೆ ಹೊಗೆ ಬರುತ್ತಿತ್ತು.

"ಅಯ್ಯೋ ಪಾಪಿಗಳಾ! ನಾನು ಹೇಳಿದ್ದು ಮರದ ತೋಪು! ಮರ ಅಡ್ಡ ಇದ್ರೆ ಫಿರಂಗಿಗೆ ಸೇತುವೆ ಹೇಗ್ರೀ ಕಾಣುತ್ತೆ? ಸೌದೆ ಜನಕ್ಕಾಗ್ಲಿ ಅಂದೆ. ಇದರ ಗುಂಡು ನಿನ್ನೆ ಸಿಕ್ತು, ಲಾರಿ ತುಂಬ ತಂದಿದೀನಿ. ನಾಳೆ ಬೆಳಿಗ್ಗೆ ಅವರು ಸೇತುವೆ ದಾಟಿ ಬಂದ್ರೆ ಚಿಮಣಿ ತೋರಿಸ್ಲಾ?"

"ನಾನು ಕೇಳಿಸಿದ್ದನ್ನ ಬರೆದೆ ಸಾರ್, ಅಷ್ಟೇ," ಎಂದ ಗುಮಾಸ್ತ, ಚೀಟಿಯನ್ನು ಜೇಬಿಗೆ ತುರುಕಿ ಡಾಕ್ಟರ ಹಿಂದೆ ಸರಿಯುತ್ತ.

ಮೇಜರ್ ಪಟ್ಟಿ ತೆಗೆದ. "ಫಿರಂಗಿ ಇಲ್ಲ ಅಂದ್ಮೇಲೆ ಆಳುಗಳೇ ಹೋಗಿ ನಿಲ್ಲಬೇಕು," ಎಂದು ವೆಲ್ಡರನ ಮುಖವನ್ನೊಮ್ಮೆ ನೋಡಿ ಏನೋ ಬರೆದ.

ಮಗಳು ಬಾಗಿಲಲ್ಲೇ ಕಾದಿದ್ದಳು. "ಅಪ್ಪಾ, ಇವರ ಹೆಸರು ತೆಗೆದ್ರಾ?"

ವೆಲ್ಡರ್ ಚಪ್ಪಲಿ ಬಿಟ್ಟು ಒಳಗೆ ಬಂದ.

"ಅವನ ಚೀಲದಲ್ಲಿ ಜಾಗ ಇದೆಯೇನಮ್ಮಾ? ನನ್ನವೂ ಎರಡು ಅಂಗಿ ಹಾಕು."