ಗೋಕರ್ಣಕ್ಕೆ ಹೊರಟ ದೋಣಿ

ಕೆಲವರ ಮನೆಯಲ್ಲಿ ಅಂದುಕೊಂಡದ್ದು ನಡೆಯುತ್ತದೆ. ನಮ್ಮ ಭಾವ ಇರುವ ಕಡೆ ಬೇರೆ ಏನೋ ನಡೆಯುತ್ತದೆ. ಒಂದು ಸಲವಲ್ಲ, ಮತ್ತೆ ಮತ್ತೆ. ನಾನು ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸಿ ಮುದುಕನಾದವನು. ಮಾತು ಕಡಿಮೆ. ಹೋದ ಬೇಸಿಗೆಯಲ್ಲಿ ಭಾವ, ಅಕ್ಕ, ನಾನು ಹಾಯಿದೋಣಿಯಲ್ಲಿ ಹೋದದ್ದನ್ನು ಸಿಕ್ಕವರೆಲ್ಲ ಕೇಳುತ್ತಾರೆ. ಹೇಳಿ ಹೇಳಿ ಸಾಕಾಯಿತು. ಬರೆದುಬಿಟ್ಟರೆ ಓದಿಕೊಳ್ಳುತ್ತಾರೆ.

ಬೇವಿನ ಮರದ ಕೆಳಗೆ

ಭಾವನದು ಉಮ್ಮತ್ತೂರು. ಚಾಮರಾಜನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಇಟ್ಟಿದ್ದರು. ವಯಸ್ಸಾಯಿತೆಂದು ಶೆಡ್ಡನ್ನು ಬೇರೆಯವರಿಗೆ ಬಿಟ್ಟು ಊರಿಗೆ ಬಂದರು. ಬಂದವರು ಜಗುಲಿ ಮೇಲೆ ಕೂರಬೇಕಿತ್ತು. ಕೇರಳದ ಬೇಪೂರಿಗೆ ಹೋದರು. ಅಲ್ಲಿ ಒಬ್ಬ ಮುದುಕ ಮೀನುಗಾರನ ಜೊತೆ ಎರಡು ಬೇಸಿಗೆ ಇದ್ದು ಹಾಯಿ ಏರಿಸುವುದು, ಇಳಿಸುವುದು, ಗಾಳಿ ನೋಡುವುದು ಎಲ್ಲ ಕಲಿತರು. ಬರುವಾಗ ಅವನ ಹಳೆಯ ದೋಣಿಯನ್ನೇ ಕೊಂಡು ಲಾರಿಯಲ್ಲಿ ಹಾಕಿಸಿಕೊಂಡು ಬಂದರು.

ಮನೆ ಮುಂದಿನ ಬೇವಿನ ಮರದ ಕೆಳಗೆ ಅದಕ್ಕೆ ಹೊಸ ಹಲಗೆ, ಹಾಯಿಗೆ ಹೊಸ ಕಂಬ, ಹೊಸ ಬಣ್ಣ. ಎಮ್ಮೆ ಹೊಡೆದುಕೊಂಡು ಹೋಗುವವರು ನಿಂತು, ಸಮುದ್ರ ಎತ್ತಗೆ ಅಂತ ಕೇಳುತ್ತಿದ್ದರು. ಭಾವ ತಲೆ ಎತ್ತದೆ ಕೈಲಿದ್ದ ಉಳಿಯಲ್ಲೇ ಪಡುವಲ ದಿಕ್ಕು ತೋರಿಸುತ್ತಿದ್ದರು.

ಲಾರಿ ಕಟ್ಟಿದ ಕೈ ಲಾರಿಯನ್ನೇ ಕಟ್ಟುತ್ತದೆ. ದೋಣಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಹಳೇ ಚಪ್ಪಲಿ ಬಂದವು. ಹಾಯಿ ಹೊಲಿದವನು ಗುಂಡ್ಲುಪೇಟೆಯ ಟಾರ್ಪಾಲು ಟೈಲರು. ಎಷ್ಟು ಚಕ್ರದ ಗಾಡಿ ಅಂತ ಕೇಳಿದ. ಬಣ್ಣಕ್ಕೆ ಬಂದವನು ಭಾವನ ಶೆಡ್ಡಿನ ಹಳೇ ಪೇಂಟರು. ಹಿಂಭಾಗದಲ್ಲಿ ಹೂವು, ಹಂಸ, ಶಿವಲಿಂಗ ಎಲ್ಲ ಚಂದವಾಗಿ ಬರೆದ. ಕೈ ನಿಲ್ಲಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ‘ಸೌಂಡ್ ಹಾರ್ನ್’ ಅಂತಲೂ ಬರೆದುಬಿಟ್ಟ. ಅಳಿಸು ಅಂದೆ. ಭಾವ ಬೇಡ ಅಂದರು, ಅಕ್ಷರ ಗುಂಡಾಗಿ ಬಂದಿದೆಯಂತೆ.

ಮದುವೆಯಾದ ಹೊಸತರಲ್ಲಿ ಭಾವ ಅಕ್ಕನಿಗೆ ಗೋಕರ್ಣ ತೋರಿಸುತ್ತೇನೆ ಅಂದಿದ್ದರಂತೆ. ತೋರಿಸಿರಲಿಲ್ಲ. ಅಕ್ಕ ಮರೆತಿರಲಿಲ್ಲ. ಈಗ ಬೇಪೂರಿನಲ್ಲಿ ನೀರಿಗಿಳಿದು, ದಡದ ಗುಂಟವೇ ಬಡಗಲಿಗೆ ಹೋಗಿ ಗೋಕರ್ಣ ಮುಟ್ಟುವುದು ಅಂತ ತೀರ್ಮಾನವಾಯಿತು. ಅಕ್ಕ ಬೀದಿಯವರ ಮುಂದೆಯೇ ಶರತ್ತು ಹಾಕಿದಳು.

“ಈ ಸಲ ಗೋಕರ್ಣ ಮುಟ್ನಿಲ್ಲ ಅಂದ್ರೆ ದೋಣಿ ಕೊಟ್ಟಿಗೆಗೆ. ಹಸುಗಳ ಗೋದಲಿ ಮುರಿದು ಬಿದ್ದದೆ. ಇದು ಮೇವು ಹಾಕಕ್ಕೆ ಸರಿಯಾದ ಅಳತೆ.”

ಭಾವ ಎಲ್ಲರ ಮುಂದೆ ಹೂಂ ಅಂದರು. ಮಾತಿಗೆ ತಪ್ಪುವ ಮನುಷ್ಯರಲ್ಲ, ಗೋಕರ್ಣದ ವಿಚಾರ ಒಂದು ಬಿಟ್ಟು. ಎರಡು ಬೇಸಿಗೆಯ ಕಲಿಕೆ, ಒಂದು ವರ್ಷದ ಮರಗೆಲಸ, ಎಲ್ಲ ಗೋಕರ್ಣದ ಮೇಲೆ ನಿಂತಿತು.

ಮಾರನೆಯ ಬೆಳಿಗ್ಗೆ ನೋಡಿದರೆ ಒಂದು ಹಸು ಕಣ್ಣಿ ಬಿಚ್ಚಿಕೊಂಡು ಬಂದು ದೋಣಿಯೊಳಗೆ ಮೂತಿ ಇಟ್ಟು ಪರೀಕ್ಷೆ ಮಾಡುತ್ತಿತ್ತು.

ಕಾಡಿನ ಗೇಟು

ಬೆಳಿಗ್ಗೆಯೇ ಹೊರಡಬೇಕಿತ್ತು. ರಾಹುಕಾಲ ಕಳೆಯಲಿ ಅಂದರು. ಕಳೆಯಿತು. ಹೊಸ ಗಾಡಿ ಹೊರಡಬೇಕಾದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ. ದೋಣಿಗೆ ಚಕ್ರವಿಲ್ಲ. ಊರಿನ ಹಿರಿಯರು ಸೇರಿ ಇದನ್ನು ಊಟದ ಹೊತ್ತಿನವರೆಗೆ ಚರ್ಚೆ ಮಾಡಿದರು. ಕೊನೆಗೆ ಅಕ್ಕ ಬಂದು, ದೋಣಿ ಹೊತ್ತ ಲಾರಿಯ ಚಕ್ರದ ಕೆಳಗೆ ಹಣ್ಣಿಟ್ಟು ಡ್ರೈವರಿಗೆ ಹೊರಡು ಅಂದಳು. ಚರ್ಚೆ ಮುಗಿಯಿತು.

ಗುಂಡ್ಲುಪೇಟೆಯಲ್ಲಿ ನನ್ನ ಹಳೇ ಲಾರಿ ಗೆಳೆಯರು ದೋಣಿ ಹತ್ತಿ ಇಳಿದು ನೋಡಿ, ಟೀ ಕುಡಿಸಿ, ಹೊತ್ತು ಕಳೆದರು. ಕಾಡಿನ ಗೇಟಿಗೆ ಬರುವಷ್ಟರಲ್ಲಿ ಮುಚ್ಚಿತ್ತು. ರಾತ್ರಿ ಆ ದಾರಿಯಲ್ಲಿ ಗಾಡಿ ಬಿಡುವುದಿಲ್ಲ. ಈರುಳ್ಳಿ ಲಾರಿಗಳ ಸಾಲಿನಲ್ಲಿ ನಮ್ಮ ದೋಣಿಯೂ ನಿಂತಿತು.

ನಾನು ಗೊಣಗಿದೆ. ಭಾವ ಹಾಸಿಗೆ ಬಿಚ್ಚಿ ದೋಣಿಯೊಳಗೆ ಹಾಸಿದರು.

“ಪ್ಲಾನು ಬದಲಾಯ್ತು, ಅಷ್ಟೇಯ. ಮಲಿಕೊ, ಬಾಮೈದ.”

ಈ ಮಾತನ್ನು ಆಮೇಲೆ ಎಷ್ಟು ಸಲ ಕೇಳಿದೆನೋ. ಒಂದು ಸಲವೂ ಮುಖ ಸಿಂಡರಿಸಿಕೊಂಡು ಹೇಳಿದ್ದಿಲ್ಲ. ಲಾರಿ ಕೆಟ್ಟರೆ ಟೈರಿಗೆ ಒದೆಯುವ ಜಾತಿ ನನ್ನದು. ಇದನ್ನು ನೋಡಿ ನನಗೆ ಒಳಗೊಳಗೇ ಆಶ್ಚರ್ಯ.

ಅಕ್ಕ ಮೇಲೆಯೇ ಸ್ಟೌ ಹಚ್ಚಿ ಮುದ್ದೆ ತೊಳಸಿದಳು. ಗೇಟಿನ ಗಾರ್ಡು ಟಾರ್ಚು ಬಿಟ್ಟು ನೋಡಿದ. ಲಾರಿ ಮೇಲೆ ದೋಣಿ, ದೋಣಿಯೊಳಗೆ ಹೊಗೆ. ಯಾವ ಸಮುದ್ರದಲ್ಲಿ ಮುಳುಗೋಕೆ ಹೊರಟಿದ್ದೀರಿ ಅಂತ ಕೇಳಿದ.

ಅಕ್ಕ ಮುದ್ದೆಯಿಂದ ಕಣ್ಣು ತೆಗೆಯದೆ, ಅದಿನ್ನೂ ತೀರ್ಮಾನ ಆಗಿಲ್ಲ ಅಂದಳು.

ಗೂಟಕ್ಕೆ ಕಟ್ಟಿದ್ದು

ಬೇಪೂರಿನಲ್ಲಿ ದೋಣಿ ನೀರಿಗಿಳಿಯಿತು. ಸೋರಲಿಲ್ಲ. ಭಾವ ಮುದುಕ ಮೀನುಗಾರನನ್ನು ಕರೆಯಲು ಹೋದರು. ನಾನು ಟೀಗೆ ಹೋದೆ. ಅಕ್ಕ ಒಬ್ಬಳೇ ಇದ್ದಳು. ದೋಣಿಯ ಹಗ್ಗ ಸಡಿಲವಾಗಿ ಬಿಟ್ಟಿರುವುದು ಅವಳ ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ದನ ಕಟ್ಟಿದವಳು. ಹಗ್ಗ ಉದ್ದ ಬಿಟ್ಟರೆ ಪಕ್ಕದವರ ಹೊಲಕ್ಕೆ ಬಾಯಿ ಹಾಕುತ್ತದೆ ಅಂತ ಗೊತ್ತು. ಗಿಡ್ಡ ಮಾಡಿ, ಬಿಗಿದು ದಡದ ಕಟ್ಟೆಯ ಕಂಬಕ್ಕೆ ಕಟ್ಟಿದಳು. ಬಂದ ಮೇಲೆ ನಾವೂ ಗಮನಿಸಲಿಲ್ಲ.

ಉಮ್ಮತ್ತೂರಿನ ಕೆರೆಯ ನೀರು ಸಂಜೆ ಇದ್ದಲ್ಲೇ ಬೆಳಿಗ್ಗೆ ಇರುತ್ತದೆ. ಸಮುದ್ರದ ನೀರು ಹಾಗಲ್ಲ. ಬೆಳಿಗ್ಗೆ ಎದ್ದು ಬಂದರೆ ನೀರು ಕೆಳಗೆ ಇಳಿದಿತ್ತು. ದೋಣಿ ಇಳಿದಿರಲಿಲ್ಲ. ಮೂತಿ ಮೇಲೆ, ಬಾಲ ಕೆಳಗೆ, ಕಂಬಕ್ಕೆ ನೇತು ಬಿದ್ದಿತ್ತು. ಪಾತ್ರೆ, ಹಾಸಿಗೆ, ನನ್ನ ಚಪ್ಪಲಿ ಎಲ್ಲ ಹಿಂಭಾಗದಲ್ಲಿ ಒಟ್ಟಾಗಿದ್ದವು. ರಾಗಿಹಿಟ್ಟಿನ ಡಬ್ಬ ತೆರೆದುಕೊಂಡು ಮೀನುಗಳಿಗೆ ಸಂತರ್ಪಣೆಯಾಗಿತ್ತು. ಬೇಪೂರಿನ ಮೀನುಗಾರರು ಸಾಲಾಗಿ ನಿಂತು ನೋಡುತ್ತಿದ್ದರು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ನಾನು ಭಾವನ ಮುಖ ನೋಡಿದೆ. ಬೈಗುಳ ಬರುತ್ತದೆ ಅಂದುಕೊಂಡೆ. ಅವರು ಹತ್ತಿರ ಹೋಗಿ ಕಂಬದ ಗಂಟನ್ನು ಮುಟ್ಟಿ ಮುಟ್ಟಿ ನೋಡಿದರು. ಒಂದು ಎಳೆಯೂ ಜಾರಿರಲಿಲ್ಲ.

“ಇಷ್ಟು ಭಾರ ತಡೆದದಲ್ಲಾ ಅಮ್ಮಿ. ನಮ್ಮ ಶೆಡ್ಡಲ್ಲಿ ಒಬ್ಬನಿಗೂ ಈ ಗಂಟು ಬತ್ತಿರಲಿಲ್ಲ ಕಣ.”

ನೀರು ಏರುವವರೆಗೆ ಹೊರಡುವಂತಿರಲಿಲ್ಲ. ಆ ಹೊತ್ತಿನಲ್ಲಿ ಬೇಪೂರಿನ ಮೀನುಗಾರರೆಲ್ಲ ಅಕ್ಕನ ಹತ್ತಿರ ಹಸು ಕಟ್ಟುವ ಗಂಟು ಕಲಿತರು.

ಬಡಗಲ ಗಾಳಿ

ಮಾರನೆಯ ದಿನ ಹೊರಟೆವು. ಬೆಳಗಿನ ಹೊತ್ತು ದಡದ ಕಡೆಯಿಂದ ಗಾಳಿ. ದೋಣಿ ಬಡಗಲಿಗೆ ಚೆನ್ನಾಗಿ ಹೋಯಿತು. ಘಾಟಿಯ ತಿರುವುಗಳಲ್ಲಿ ಎಂದೂ ಹೊಟ್ಟೆ ತೊಳೆಸದ ನಾನು ಅಂಚಿಗೆ ಬಗ್ಗಿದವನು ಮೇಲೇಳಲಿಲ್ಲ. ಅಕ್ಕ ನನ್ನ ಪಕ್ಕದಲ್ಲೇ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದಳು. ದೋಣಿ ಕುಣಿಯುತ್ತಿತ್ತು. ಅಂಗೈ ಅಲುಗಲಿಲ್ಲ. ಆ ಕಡೆ ಶಿವ ಸ್ಥಿರ, ಈ ಕಡೆ ನಾನು.

ಮಧ್ಯಾಹ್ನ ಗಾಳಿ ತಿರುಗಿ ಎದುರಿಗೆ ನಿಂತಿತು. ಭಾವ ಅಡ್ಡಡ್ಡ, ಹಾವು ಹರಿದ ಹಾಗೆ ನಡೆಸಿ ನೋಡಿದರು. ಹೋದಷ್ಟೇ ಹಿಂದಕ್ಕೆ ಬಂತು. ಇರಲಿ ಅಂತ ಇಟ್ಟುಕೊಂಡಿದ್ದ ಸಣ್ಣ ಇಂಜಿನ್ನಿಗೆ ಉಪ್ಪುನೀರು ಹೊಕ್ಕು ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸಂಜೆಗೆ ಒಂದು ಲೈಟ್‌ಹೌಸು ಕಂಡಿತು. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಬೆಳಿಗ್ಗೆ ಬೇಪೂರಲ್ಲೂ ಇಂಥದೇ ಇತ್ತಲ್ವಾ ಅಂತ ಕೇಳಿದಳು. ಅದೇ ಕಣಮ್ಮಿ ಅಂದರು ಭಾವ.

ಅಷ್ಟರಲ್ಲಿ ಬೆನ್ನ ಹಿಂದೆ ಎದೆ ಒಡೆಯುವಂತೆ ಹಾರ್ನು. ಒಂದು ದೊಡ್ಡ ಮೀನಿನ ಬೋಟು. ನಾವು ಅಡ್ಡವೇನೂ ಇರಲಿಲ್ಲ. ಪಕ್ಕಕ್ಕೆ ಸರಿದೆವು. ಮತ್ತೆ ಹಾರ್ನು. ನನಗೆ ರೇಗಿತು. ಬರುವಷ್ಟು ಮಲಯಾಳದಲ್ಲಿ, ಯಾಕಪ್ಪ ಹೀಗೆ ಅಂತ ಕೂಗಿ ಕೇಳಿದೆ. ಅವನು ನಮ್ಮ ದೋಣಿಯ ಹಿಂಭಾಗಕ್ಕೆ ಕೈ ತೋರಿಸಿ, ನೀವೇ ಬರೆದಿದ್ದೀರಲ್ಲ ಅಂದ.

ಒಳ್ಳೆಯವನು. ದಡದವರೆಗೆ ಎಳೆದುಕೊಂಡು ಹೋಗಿ ಬಿಟ್ಟ.

ತೆಂಕಲಿಗೆ

ಬೆಳಿಗ್ಗೆ ಮುದುಕ ಮೀನುಗಾರ ಬಂದು ಆಕಾಶ ನೋಡಿದ. ಬಡಗಲ ಗಾಳಿ ಇನ್ನೂ ಜೋರಾಗುತ್ತದೆ, ಈ ದೋಣಿ ತಡೆಯುವುದಿಲ್ಲ, ಗೋಕರ್ಣ ಈ ವರ್ಷ ಬಿಟ್ಟುಬಿಡಿ ಅಂದ. ಬೇಕಿದ್ದರೆ ಗಾಳಿಯ ಜೊತೆ ತೆಂಕಲಿಗೆ ಒಂದು ದಿನ ಹೋಗಿ ಪೊನ್ನಾನಿಯಲ್ಲಿ ಇಳಿಯಿರಿ ಅಂದ. ನಾನು ಕನ್ನಡದಲ್ಲಿ ಹೇಳಿದೆ. ಭಾವನಿಗೆ ಮೊದಲೇ ಅರ್ಥವಾಗಿತ್ತು.

ಬೇರೆಯವರಾಗಿದ್ದರೆ ಹಠಕ್ಕೆ ಬಿದ್ದು ಹೋಗುತ್ತಿದ್ದರು. ಊರವರ ಮುಂದೆ ಹೂಂ ಅಂದ ಮಾತು. ತಿರುಗಿದರೆ ದೋಣಿ ಹಸುಗಳ ಪಾಲು. ಭಾವ ದೋಣಿಯ ಅಂಚನ್ನು ಒಮ್ಮೆ ಸವರಿದರು, ಸಂತೆಗೆ ಹೊಡೆಯುವ ಮುಂಚೆ ಎತ್ತಿನ ಬೆನ್ನು ಸವರುವ ಹಾಗೆ. ಪ್ಲಾನು ಬದಲಾಯ್ತು ಅಂದರು. ಆ ಒಂದು ಸಲ ದನಿ ಸ್ವಲ್ಪ ಕೆಳಗಿತ್ತು. ಚುಕ್ಕಾಣಿ ತಿರುಗಿಸಿದರು.

ಆಮೇಲೆ ನೋಡಬೇಕಿತ್ತು. ಈರುಳ್ಳಿ ಲಾರಿಗೆ ಹೊದಿಸುವಂಥ ಟಾರ್ಪಾಲಿನ ಹಾಯಿ ಹೊಟ್ಟೆ ತುಂಬ ಗಾಳಿ ಕುಡಿದು ಉಬ್ಬಿತು. ದೋಣಿ ಇಳಿಜಾರಿನಲ್ಲಿ ಬಿಟ್ಟ ಖಾಲಿ ಗಾಡಿಯ ಹಾಗೆ ಓಡಿತು. ನನ್ನ ಹೊಟ್ಟೆಯೂ ನೆಟ್ಟಗಾಯಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದುಗಡೆ ಹೋಗಿ ಕೂತು, ಇನ್ನೂ ಜೋರಾಗಿ ಬುಡ್ರೀ ಅಂತ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಭಾವ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಅವಳನ್ನೇ ನೋಡುತ್ತಿದ್ದರು. ದೋಣಿ ಚೆನ್ನಾಗಿ ಕಟ್ಟಿದ್ದೀರಿ ಅಂದೆ. ನನ್ನ ಬಾಯಲ್ಲಿ ಅಂಥ ಮಾತು ಬಂದದ್ದಕ್ಕೆ ಅವರು ಗಾಬರಿಯಾಗಿ, ಮತ್ತೆ ಹೊಟ್ಟೆ ಕೆಟ್ಟಿತಾ ಅಂತ ಕೇಳಿದರು.

ಪೊನ್ನಾನಿಯ ಅಳಿವೆಯೊಳಗೆ, ಹೊಳೆಯ ದಡದಲ್ಲಿ ಒಂದು ಸಣ್ಣ ಶಿವನ ಗುಡಿ. ಅಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ಭಾವ ಅಂಗಿ, ಬನಿಯನ್ನು ಎರಡೂ ಬಿಚ್ಚಿದರೆ, ಬಿಸಿಲಿಗೆ ಮೈ ಬನಿಯನ್ನಿನ ಆಕಾರಕ್ಕೆ ಬಿಳಿ, ಮಿಕ್ಕದ್ದೆಲ್ಲ ಕರಿ. ಅರ್ಚಕರು, ಬನಿಯನ್ನೂ ತೆಗೆಯಿರಿ ಅಂದರು.

ಹೊರಗೆ ಬಂದು ಭಾವ ಮೆಲ್ಲಗೆ ಅಕ್ಕನ ಪಕ್ಕ ಕೂತರು. ಇವನೂ ಅವನೇ ಅಲ್ವಾ ಅಮ್ಮಿ, ಇದನ್ನೇ ಗೋಕರ್ಣ ಅನ್ಕಂಡ್ರೆ ಎಂಗೆ ಅಂತ ಕೇಳಿದರು. ಅಕ್ಕ ಅವರ ಹಣೆಗೆ ಉಳಿದ ವಿಭೂತಿ ಹಚ್ಚಿದಳು.

“ಶಿವ ಅವನೇಯ. ಊರು ಅದಲ್ಲ. ಮಾತು ಮಾತೇಯ.”

ಎದ್ದು ಸ್ವಲ್ಪ ದೂರ ಹೋಗಿ ಊರಿಗೆ ಫೋನು ಮಾಡಿದಳು. ಹೊರಟಂದಿನಿಂದ ದಿನಾ ಸಂಜೆ, ಹಸುಗಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವಳಿಗೆ ಫೋನು ಮಾಡುತ್ತಿದ್ದಳು. ಹಸುಗಳ ಮೇಲೆ ಇಷ್ಟೊಂದು ಪ್ರೀತಿ ಅಂತ ನಾನು ಅಂದುಕೊಂಡೆ. ನಾಳೆ ದೋಣಿ ಅವುಗಳದೇ ಅಂತ ಭಾವ ಅಂದುಕೊಂಡಿರಬೇಕು. ಕಡ್ಡಿಯಲ್ಲಿ ಮರಳು ಗೀರುತ್ತ ಕೂತಿದ್ದರು.

ಗೋದಲಿ

ದೋಣಿ ಮತ್ತೆ ಲಾರಿ ಹತ್ತಿತು. ಕಾಡಿನ ಗೇಟಿನಲ್ಲಿ ಅದೇ ಗಾರ್ಡು. ಮುಳುಗಲಿಲ್ವಾ ಅಂದ. ಪ್ಲಾನು ಬದಲಾಯ್ತು ಅಂದರು ಭಾವ.

ಉಮ್ಮತ್ತೂರಿನಲ್ಲಿ ಅರ್ಧ ಊರು ಕಾದಿತ್ತು. ಕಟ್ಟೆಯ ಮೇಲಿನ ಹಿರಿಯರೊಬ್ಬರು ಗೋಕರ್ಣ ಎಂಗಿತ್ತಪ್ಪಾ ಅಂತ ಕೇಳಿದರು. ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭಾವ, ಮುಟ್ಟಲಿಲ್ಲ ಅಂದರು. ಹಸುಗಳಿಗೆ ಅದೃಷ್ಟ ಬುಡು ಅಂದ ಒಬ್ಬ. ಎಲ್ಲ ನಕ್ಕರು. ಭಾವ ನಗಲಿಲ್ಲ, ಜಗಳವೂ ಆಡಲಿಲ್ಲ. ಒಳಗೆ ಹೋಗಿ ಗರಗಸ ತಂದರು. ಹಾಯಿಯ ಕಂಬ ನಿಲ್ಲಿಸುವ ಅಡ್ಡಹಲಗೆ ಕುಯ್ಯದೆ ದೋಣಿ ಗೋದಲಿಯಾಗುವುದಿಲ್ಲ.

ಅಳತೆ ನೋಡನ ಬಾ ಅಂತ ನನ್ನನ್ನು ಕರೆದುಕೊಂಡು ಕೊಟ್ಟಿಗೆಗೆ ಹೋದರು. ಬಾಗಿಲಲ್ಲೇ ನಿಂತುಬಿಟ್ಟರು. ನಾನು ಬೆನ್ನ ಹಿಂದಿನಿಂದ ಇಣುಕಿದೆ.

ಹಳೇ ಗೋದಲಿ ಇದ್ದ ಜಾಗದಲ್ಲಿ ಹೊಸ ಸಿಮೆಂಟಿನ ಗೋದಲಿ. ಗೋಡೆಯ ಉದ್ದಕ್ಕೂ, ನುಣ್ಣಗೆ, ಬಣ್ಣ ಹೊಡೆದು. ಹಸುಗಳು ಆಗಲೇ ಮೇಯುತ್ತಿದ್ದವು.

ಹಿಂದೆಯೇ ಅಕ್ಕ ಬಂದಳು. ಯಾವಾಗ ಕಟ್ಟಿಸಿದೆ ಅಂತ ಭಾವ ಕೇಳಿದರು. ನಾವು ಹೊರಟ ದಿನವೇ ಗಾರೆಯವನಿಗೆ ಹೇಳಿದ್ದೆ, ದಿನಾ ಫೋನಲ್ಲಿ ವಿಚಾರಿಸ್ತಿದ್ದೆ ಅಂದಳು.

“ಅಂದ್ರೆ ಗೋಕರ್ಣ ಮುಟ್ಟಾಕಿಲ್ಲ ಅಂತ ಮೊದಲೇ ಗೊತ್ತಿತ್ತಾ ನಿಂಗೆ?”

“ನಿಮ್ಮ ಜೊತೆ ಇಷ್ಟು ವರ್ಷ ಬಾಳಿವ್ನಿ. ಅಷ್ಟೂ ಗೊತ್ತಾಗದಾ?”

“ಮತ್ತೆ ಆ ಶರತ್ತು ಯಾಕಮ್ಮಿ ಹಾಕ್ದೆ?”

“ಹಾಕ್ದೆ ಇದ್ದಿದ್ರೆ ಇನ್ನೊಂದು ವರ್ಷ ಆ ಬೇವಿನ ಮರದಡೀಲೇ ಬಣ್ಣ ಹೊಡ್ಕಂಡು ಕೂತಿರ್ತಿದ್ರಿ. ಮುಂದಿನ ಬೇಸಿಗೆಗೆ ಗೋಕರ್ಣಕ್ಕೆ ಹೋಗನ. ಆ ಗರಗಸ ಒಳಗಿಡಿ.”

ಭಾವ ಗರಗಸ ನೋಡಿದರು, ಅಕ್ಕನನ್ನು ನೋಡಿದರು. ಬಾಯಿ ತೆರೆದರು. ಏನು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಅವರಿಗಿಂತ ಮುಂಚೆ ಅಕ್ಕನೇ, ಪ್ಲಾನು ಬದಲಾಯ್ತು ಅಷ್ಟೇಯ ಅಂದಳು.

ಮೂಗು ಸೀಟಿಕೊಳ್ಳುವ ನೆಪದಲ್ಲಿ ಭಾವ ಆ ಕಡೆ ತಿರುಗಿದರು. ನಾನು ಗೋದಲಿ ನೋಡುತ್ತ ನಿಂತೆ. ಬಣ್ಣ ಹೊಡೆದವನು ಅದೇ ಪೇಂಟರು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಒಂದು ತುದಿಯಲ್ಲಿ ಹೂವು, ಒಂದು ತುದಿಯಲ್ಲಿ ಹಂಸ, ನಡುವೆ ಗುಂಡಾದ ಅಕ್ಷರದಲ್ಲಿ ‘ಸೌಂಡ್ ಹಾರ್ನ್’.

ಹಸು ಮೇವಿನಿಂದ ತಲೆ ಎತ್ತಿ ಒಂದು ಸಲ ಅಂಬಾ ಅಂತು.