ಎರಡು ಮೊಣಕಾಲು, ಏಳು ಬಿಸಿನೀರ ಕುಂಡ

ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ನಾನೆಂದೂ ಹೋದವನಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಚೆಂಬೂರಿಗೆ ಬರುತ್ತವೆ. ನೌಕರಿಯಲ್ಲಿದ್ದಾಗ ವಾರಕ್ಕೊಂದು ಬರುತ್ತಿದ್ದವು, ನಿವೃತ್ತನಾದ ಮೇಲೆ ಅವುಗಳಿಗೆ ರಜೆಯೇ ಇಲ್ಲ. ಈ ಚಳಿಗಾಲದಲ್ಲಂತೂ ನಾನು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂತಾಗಲೂ ಬೆನ್ನು ಬಿಡಲಿಲ್ಲ.

ಚಪ್ಪಲಿ ಕಾಯುವ ಕುರ್ಚಿ

ಬಿಸಿನೀರಿಗೆ ಯಾಕೆ ಇಳಿದೆವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಮಾಟುಂಗದ ಒಂದು ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷದಿಂದ ಹಾಡುತ್ತಾಳೆ. ಮುಂದಿನ ಸಾಲಿನಲ್ಲಿ, ಜಮಖಾನೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ತಾಳ ಹಿಡಿದು ಹಾಡು ಎತ್ತಿಕೊಡುವವಳು ಇವಳೇ. ಇವಳು ಎತ್ತಿಕೊಡದಿದ್ದರೆ ಉಳಿದವರು ಬಾಯಿ ಬಿಡುವುದಿಲ್ಲ.

ನವೆಂಬರಿನಲ್ಲಿ ಇವಳ ಮೊಣಕಾಲು ಮಡಚುವುದನ್ನು ನಿಲ್ಲಿಸಿದವು. ಮಂಡಳಿಯವರು ಪ್ರೀತಿಯಿಂದಲೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಆದರೆ ಕುರ್ಚಿ ಮುಂದಿಟ್ಟರೆ ಹಿಂದಿನವರಿಗೆ ದೇವರು ಕಾಣುವುದಿಲ್ಲ. ಹಾಗಾಗಿ ಅದು ಹಿಂದೆ ಹಿಂದೆ ಸರಿದು, ಬಾಗಿಲ ಬಳಿ ಚಪ್ಪಲಿಗಳ ಪಕ್ಕಕ್ಕೆ ಹೋಗಿ ನಿಂತಿತು.

ಮನೆಗೆ ಬಂದವಳೇ ತಾಳದ ಚೀಲವನ್ನು ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದಳು. "ಇಪ್ಪತ್ತು ವರ್ಷ ದೇವರ ಮುಂದ ಕೂತೆ. ಇವತ್ತ ನನ್ನ ಚಪ್ಪಲಿ ಕಾಯಲಿಕ್ಕೆ ಕೂಡಿಸಿದ್ರು. ಇನ್ನ ಹೋಗೂದಿಲ್ಲ."

ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು, "ದಿನಾ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ, ಕಾಲಿನ ಸ್ನಾಯು ಗಟ್ಟಿಯಾಗಬೇಕು. ಮೂರು ತಿಂಗಳು ನೋಡೋಣ. ಆಗದಿದ್ದರೆ ಆಪರೇಶನ್" ಎಂದರು. ಇಷ್ಟರಲ್ಲಿ ಇವಳಿಗೆ ಕೇಳಿಸಿದ್ದು ಕೊನೆಯ ಶಬ್ದ ಒಂದೇ. ಫೆಬ್ರುವರಿ ಕೊನೆಗೆ ಮಂಡಳಿಯ ವಾರ್ಷಿಕೋತ್ಸವ. ಅಷ್ಟರೊಳಗೆ ಜಮಖಾನೆಯ ಮೇಲೆ ಕೂಡಬೇಕು, ಕತ್ತರಿ ಮಾತ್ರ ತಾಗಬಾರದು. ಯಾರೋ ಹೇಳಿದ್ದರಂತೆ, ಏಳು ಬಿಸಿನೀರ ಕುಂಡದಲ್ಲಿ ಮಿಂದರೆ ಎಂಥ ಮೊಣಕಾಲೂ ಮಾತು ಕೇಳುತ್ತದೆ ಎಂದು.

ಸಾಂತಾಕ್ರೂಜ್‌ನಲ್ಲಿರುವ ಇವಳ ತಮ್ಮ ಕಾರು ತಂದ. ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಚರ್ಚ್‌ಗೇಟಿಗೆ ಹೋಗಿಬಂದು, ಕಾರು ಓಡಿಸುವ ಆಸೆಯನ್ನೆಲ್ಲ ನಿವೃತ್ತಿಗೆ ಉಳಿಸಿಕೊಂಡಿದ್ದ ಪುಣ್ಯಾತ್ಮ. ಆದರೆ ಇಂಜಿನ್ ನಿಂತ ಕೂಡಲೇ ಕೀಲಿ ಅಕ್ಕನ ಪರ್ಸಿಗೆ ಸೇರಬೇಕು ಎಂದು ಮೊದಲ ದಿನವೇ ತೀರ್ಮಾನವಾಯಿತು.

"ನಿನ್ನ ಕೈಯಾಗ ಇದ್ರ ನೀರಾಗ ಬೀಳಸ್ತಿ" ಎಂದು ತಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಇವರ ಕೈಯಾಗ ಕೊಟ್ರ ಕಾರನ್ನ ಎಲ್ಲೋ ಮರ್ತು ಬಸ್ಸಿಗೆ ಮನಿಗೆ ಬರ್ತಾರ."

ಇದು ಶುದ್ಧ ಸುಳ್ಳು ಆರೋಪ. ನಾನು ಹಾಗೆ ಮರೆತು ಬಂದದ್ದು ಸ್ಕೂಟರು.

ನಾಲ್ಕನೆಯ ಸೀಟು

ಮೊದಲು ಹೋದದ್ದು ವಜ್ರೇಶ್ವರಿಯ ಹತ್ತಿರದ ಅಕಲೋಲಿಗೆ. ಹೋದದ್ದು ಭಾನುವಾರ. ಮುಂಬಯಿಯ ಅರ್ಧ ಜನ ನಮಗಿಂತ ಮೊದಲೇ ಬಂದು ನೀರಿನಲ್ಲಿದ್ದರು. ಹೆಂಗಸರ ಕುಂಡ ಆ ಕಡೆ, ಗಂಡಸರದು ಈ ಕಡೆ. ನಡುವೆ ಒಂದು ಗೋಡೆ, ಕೂಗಿದರೆ ಕೇಳುವಷ್ಟು ಎತ್ತರದ್ದು.

ನೀರೊಳಗಿನ ಮೆಟ್ಟಿಲ ಮೇಲೆ ಮೂವರು ದೊಡ್ಡ ಮನುಷ್ಯರು ಕಣ್ಣು ಮುಚ್ಚಿ ಕೂತಿದ್ದರು. ನನ್ನ ಮೈದುನ ಹೋಗಿ ಒಬ್ಬರ ಭುಜ ಮುಟ್ಟಿ, ಲೋಕಲ್‌ನಲ್ಲಿ ಹೇಳುವ ಹಾಗೆಯೇ ಹಿಂದಿಯಲ್ಲಿ "ಸ್ವಲ್ಪ ಸರೀರಿ, ಫೋರ್ತ್ ಸೀಟ್" ಎಂದ. ನೀವು ನಂಬುವುದಿಲ್ಲ, ಮೂವರೂ ಕಣ್ಣು ತೆರೆಯದೆಯೇ ಸರಿದರು. ಮುಂಬಯಿಯ ಲೋಕಲ್‌ನಲ್ಲಿ ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಅರ್ಧ ಜಾಗ ಕೊಡುವುದು ಧರ್ಮ. ಆ ಧರ್ಮ ನೀರಿನಲ್ಲೂ ಕರಗುವುದಿಲ್ಲ.

ನನಗೂ ಒಂದು ಮೂಲೆ ಸಿಕ್ಕಿತು. ಕೂತ ಮೇಲೆ ನೆನಪಾಯಿತು, ಟಾವೆಲ್ಲು ಕಾರಿನಲ್ಲಿದೆ. ಗೋಡೆಯ ಆಚೆಗೆ ಕೂಗಿದೆ, "ಏ, ಟಾವೆಲ್ಲು!"

"ಈಗರೆ ಒಂದು ಕಾಲು ಒಳಗ ಇಟ್ಟೇನ್ರಿ!" ಎಂದು ಆಚೆಯಿಂದ ಉತ್ತರ ಬಂತು.

"ಕೀಲಿ ಕೊಡು, ನಾನೇ ಹೋಗ್ತೀನಿ."

"ಬ್ಯಾಡ. ನೀವು ಹೋದ್ರ ನಿಮ್ಮನ್ನೂ ಹುಡುಕಬೇಕಾಗ್ತದ." ಕಾರು ಮೇಲೆ ರಸ್ತೆಯಲ್ಲಿತ್ತು. ಮೂವತ್ತು ಮೆಟ್ಟಿಲು ಗೊಣಗುತ್ತ ಹತ್ತಿದಳು, ಗೊಣಗುತ್ತ ಇಳಿದಳು.

ಅಷ್ಟರಲ್ಲಿ ದಡದಲ್ಲಿ ಪಂಚೆ ಉಟ್ಟು ನಿಂತಿದ್ದ ಒಬ್ಬ ನನ್ನತ್ತ ಬಗ್ಗಿ ಮೆಲ್ಲಗೆ ಕೇಳಿದ, "ಕಾಕಾ, ಎಲ್ಲಿ ಇಳೀತೀರಿ?"

ಕೂತವನು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾನೆಂದು ಕೇಳಿ ಅವನ ಸೀಟನ್ನು ಗೊತ್ತುಮಾಡಿಕೊಳ್ಳುವುದು ನಮ್ಮೂರ ಪದ್ಧತಿ. ನಾನೂ ಅಭ್ಯಾಸಬಲದಿಂದ "ಚೆಂಬೂರು" ಎಂದುಬಿಟ್ಟೆ.

ಅವನು ನಿಟ್ಟುಸಿರುಬಿಟ್ಟ. "ಅಷ್ಟು ದೂರವಾ?" ಎಂದವನೇ ಪಕ್ಕದವನನ್ನು ಕೇಳಲು ಹೋದ.

ಬಾಯ್ಲರ್ ಸಾಹೇಬ

ನಾನು ಬಿ.ಎಸ್ಸಿ. ಮಾಡಿ ಚೆಂಬೂರಿನ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಬಿಸಿನೀರಿನ ವಿಷಯದಲ್ಲಿ ಇನ್ನೊಬ್ಬರಿಂದ ಕಲಿಯಬೇಕಾದದ್ದು ನನಗೆ ಏನೂ ಇಲ್ಲ ಎಂದು ಮೊನ್ನೆ ಜನವರಿಯವರೆಗೆ ನಂಬಿದ್ದೆ.

ದಾಪೋಲಿಯ ಕಡೆಯ ಒಂದು ಹಳ್ಳಿಗೆ ಹೋದಾಗ ಅಲ್ಲಿ ಒಂದರ ಪಕ್ಕ ಒಂದು ಮೂರು ಕುಂಡಗಳಿದ್ದವು. ಎರಡರಲ್ಲಿ ಜನ ಮೀಯುತ್ತಿದ್ದರು. ಮೂರನೆಯದು ಚಿಕ್ಕದು, ಖಾಲಿ. ಮುಂಬಯಿಯವನಿಗೆ ಖಾಲಿ ಜಾಗ ಕಂಡರೆ ಬುದ್ಧಿ ಕೆಲಸ ಮಾಡುವುದಿಲ್ಲ.

ಉಗಿಯನ್ನು ದಿಟ್ಟಿಸಿ ನೋಡಿ ಮೈದುನನಿಗೆ ಹೇಳಿದೆ, "ನಲವತ್ತೆರಡು ಡಿಗ್ರಿ. ಬಹಳ ಅಂದ್ರ ನಲವತ್ಮೂರು."

"ಥರ್ಮಾಮೀಟರ್ ತಂದೀನಿ ಅಂದಿದ್ರೆಲ್ಲ ಮಾಮಾ?"

ತಂದಿದ್ದೆ. ಕಾರಿನಲ್ಲಿತ್ತು. ಹೆಂಡತಿ ಆಗತಾನೇ ಸೀರೆಯ ನೆರಿಗೆ ಎತ್ತಿ ಹೆಂಗಸರ ಕುಂಡದ ಅಂಚಿಗೆ ಹೋಗಿದ್ದವಳು, ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಈ ಸಲ ಏನು?" ಎಂದು ಕೇಳಿ, ಪರ್ಸು ಎತ್ತಿಕೊಂಡು ಕಾರಿಗೆ ಹೋಗುವ ನಲವತ್ತು ಮೆಟ್ಟಿಲ ಕಡೆ ನಡೆದಳು.

ನಾನು ಕಾಯಬಹುದಿತ್ತು. ಆದರೆ ಸುತ್ತ ನಾಲ್ಕೈದು ಜನ ಹಳ್ಳಿಯವರು ನಿಂತು ನನ್ನ ವ್ಯಾಖ್ಯಾನ ಕೇಳುತ್ತಿದ್ದರು. ಗಂಧಕ, ಭೂಗರ್ಭ, ಒತ್ತಡ ಎಲ್ಲ ಹೇಳಿ ಮುಗಿಸಿ, ಗಂಭೀರವಾಗಿ ಬಲಗಾಲು ಇಳಿಸಿದೆ. ಇಳಿಸಿದ್ದು ನೆನಪಿದೆ, ತೆಗೆದದ್ದು ನೆನಪಿಲ್ಲ. ನೋಡಿದವರು ಹೇಳುವ ಪ್ರಕಾರ ನಾನು ಮೂರು ಅಡಿ ಹಿಂದಕ್ಕೆ ಹಾರಿದೆನಂತೆ.

ಒಬ್ಬ ಮುದುಕ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ, "ಸಾಹೇಬರು ಒಳ್ಳೇ ವಿಷಯ ಹೇಳ್ತಾ ಇದ್ರಿ, ನಡುವೆ ಮಾತಾಡಬಾರದು ಅಂತ ಸುಮ್ಮನಿದ್ದೆ. ಅದು ಮೀಯುವ ಕುಂಡ ಅಲ್ಲ. ಅದರಲ್ಲಿ ನಾವು ಗೆಣಸು ಬೇಯಿಸ್ತೀವಿ."

ಹೆಂಡತಿ ಥರ್ಮಾಮೀಟರು ತಂದಳು. ನನ್ನ ಕೆಂಪು ಕಾಲು ನೋಡಿದಳು. ಥರ್ಮಾಮೀಟರನ್ನು ನೀರಿಗೆ ಅದ್ದದೆ ಪರ್ಸಿಗೇ ಹಾಕಿಕೊಂಡಳು. "ಮೂವತ್ನಾಕು ವರ್ಷ ಆ ಬಾಯ್ಲರ್ ಇವರನ್ನ ಹ್ಯಾಂಗ ತಡಕೊಂಡಿತೋ, ಪಾಪ!"

ನೀರು ಎಷ್ಟಕ್ಕೆ ಬರ್ತದ?

ಸಂಗಮೇಶ್ವರದ ಕಡೆ ಒಂದು ಹಳ್ಳಿಯಲ್ಲಿ ಎರಡು ದಿನ ಉಳಿದಿದ್ದೆವು. ಕುಂಡ ನಮ್ಮ ಕೋಣೆಯಿಂದ ಕೆಳಗೆ, ಹೊಲದ ಅಂಚಿನಲ್ಲಿ. ಬೆಳಿಗ್ಗೆ ಐದಕ್ಕೆ ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

"ಏಳ್ರಿ, ನೀರು ಹೋಗ್ತದ!"

ನಾನೂ ದಡಬಡಿಸಿ ಎದ್ದೆ. ಮೈದುನನೂ ಎದ್ದ. ಒಬ್ಬರೂ 'ಯಾವ ನೀರು, ಎಲ್ಲಿಗೆ ಹೋಗ್ತದ' ಎಂದು ಕೇಳಲಿಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬಂದು ಏಳಕ್ಕೆ ಹೋಗುತ್ತದೆ. ನಲವತ್ತು ವರ್ಷದಿಂದ ನಮ್ಮ ಮನೆಯ ಸೂರ್ಯೋದಯ ಅದೇ. ಮೂವರೂ ಕೋಣೆಯಲ್ಲಿದ್ದ ಎರಡು ಬಕೆಟ್, ಒಂದು ತಂಬಿಗೆ ಹಿಡಿದು ಬುಡುಬುಡು ಇಳಿದೆವು. ಅರ್ಧ ದಾರಿಯಲ್ಲಿ ನಾನು ಕನ್ನಡಕ ಮರೆತದ್ದು ತಿಳಿದು, ಹೆಂಡತಿ ನನ್ನನ್ನು ಕತ್ತಲಲ್ಲಿ ಒಂದು ಬಂಡೆಯ ಮೇಲೆ ಕೂಡಿಸಿ, ಮೇಲೆ ಹೋಗಿ ತಂದಳು.

ಕುಂಡದ ಹತ್ತಿರ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಬಕೆಟ್ ಹಿಡಿದ ಮೂವರು ಮುದುಕರು ಓಡಿ ಬರುವುದನ್ನು ನೋಡಿ ಎದ್ದು ನಿಂತಳು. ಹೆಂಡತಿ ಏದುಸಿರು ಬಿಡುತ್ತ ಮರಾಠಿಯಲ್ಲಿ ಕೇಳಿದಳು, "ತಂಗಿ, ಇಲ್ಲಿ ನೀರು ಎಷ್ಟಕ್ಕೆ ಬರ್ತದ? ಎಷ್ಟಕ್ಕೆ ಹೋಗ್ತದ?"

ಆ ಹೆಂಗಸು ಸ್ವಲ್ಪ ಯೋಚಿಸಿ, ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟಳು. "ಬಂದದ್ದು ಯಾವಾಗ ಅಂತ ನಮ್ಮ ಅಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ ತಾಯಿ. ಹೋದದ್ದಂತೂ ನಾವು ಇನ್ನೂ ನೋಡಿಲ್ಲ."

ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ಹೆಂಡತಿ ಎರಡೂ ಬಕೆಟ್ ತುಂಬಿಸಿದಳು. ತಮ್ಮನ ಕೈಯಿಂದ ಮೇಲೆ ಹೊರಿಸಿ, ಕೋಣೆಯಲ್ಲಿಟ್ಟು ತಟ್ಟೆ ಮುಚ್ಚಿದಳು.

"ಹೇಳ್ಲಿಕ್ಕೆ ಬರೂದಿಲ್ಲ" ಎಂದಳು.

ಔಷಧಿ ಚೀಟಿ

ಫೆಬ್ರುವರಿ ನಡುವಿಗೆ ಏಳು ಕುಂಡ ಮುಗಿದವು. ಡಾಕ್ಟರು ಇವಳ ಮೊಣಕಾಲು ಮಡಚಿ ನೋಡಿದರು, ಬಿಡಿಸಿ ನೋಡಿದರು, ಹುಬ್ಬೇರಿಸಿದರು. "ಎಷ್ಟೋ ವಾಸಿ ಇದೆಯಲ್ಲ! ಏನು ಮಾಡಿದಿರಿ?"

"ಏಳು ಕುಂಡದ ಬಿಸಿನೀರು ಡಾಕ್ಟರೇ" ಎಂದಳು ಹೆಮ್ಮೆಯಿಂದ.

"ಒಂದೊಂದರಲ್ಲಿ ಎಷ್ಟು ಹೊತ್ತು ಕೂಡುತ್ತಿದ್ದಿರಿ?"

ಇವಳ ಹೆಮ್ಮೆ ಇಳಿಯಿತು. "ಎಲ್ಲಿ ಕೂಡೂದ್ರಿ? ಒಂದು ಕಾಲು ಅದ್ದೂದ್ರಾಗ ಇವರ ಕೂಗು. ಟಾವೆಲ್ಲು ಮರ್ತಾರ, ಮ್ಯಾಲ ಹೋಗು. ಸಾಬಾಣ ಮರ್ತಾರ, ಮ್ಯಾಲ ಹೋಗು. ಥರ್ಮಾಮೀಟರು, ಕನ್ನಡಕ, ಒಣ ಪಂಚೆ... ನೀರಾಗಿದ್ದದ್ದಕ್ಕಿಂತ ಮೆಟ್ಟಿಲ ಮ್ಯಾಲ ಇದ್ದದ್ದ ಬಹಳ."

"ಎಷ್ಟು ಮೆಟ್ಟಿಲು?"

"ಮೂವತ್ತು, ನಲವತ್ತು."

"ದಿನಕ್ಕೆ ಎಷ್ಟು ಸಲ?"

"ಅದು ಇವರ ಮರವಿನ ಮ್ಯಾಲ ಹೋಗ್ತದ. ಕಡಿಮಿ ಅಂದ್ರ ಐದು ಸಲ."

ಡಾಕ್ಟರು ಪೆನ್ನು ಕೆಳಗಿಟ್ಟು, ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದರು. "ಆಪರೇಶನ್ ಸದ್ಯಕ್ಕೆ ಬೇಡ. ಇದನ್ನೇ ಮುಂದುವರಿಸಿ."

"ಬಿಸಿನೀರೇನ್ರಿ?"

"ಅಲ್ಲ, ಇವರನ್ನು."

ಮನೆಗೆ ಬರುವಾಗ, 'ನಿನ್ನ ಒಳ್ಳೆಯದಕ್ಕೆಂದೇ ಬೇಕಂತ ಮರೆಯುತ್ತಿದ್ದೆ' ಎಂದು ಹೇಳಬೇಕೆಂದುಕೊಂಡೆ. ಒಳ್ಳೆಯ ಮಾತು. ಮನೆ ಮುಟ್ಟುವುದರೊಳಗೆ ಮರೆತುಹೋಯಿತು.

ಬಸ್ಸು

ವಾರ್ಷಿಕೋತ್ಸವದ ದಿನ ಇವಳು ಜಮಖಾನೆಯ ನಟ್ಟನಡುವೆ ಹೋಗಿ, ಮೆಲ್ಲಗೆ, ಒಂದೊಂದೇ ಕಾಲು ಮಡಚಿ ಕೂತಳು. ಪ್ಲಾಸ್ಟಿಕ್ ಕುರ್ಚಿಯನ್ನು ಯಾವುದಕ್ಕೂ ಇರಲಿ ಎಂದು ಹಿಂದೆ ಇಟ್ಟಿದ್ದರು. ಒಂದೂವರೆ ಗಂಟೆ ಹಾಡಿದಳು. ಕೂಡುವುದು ದೊಡ್ಡದಲ್ಲ, ಏಳುವುದು ದೊಡ್ಡದು. ಮಂಗಳಾರತಿಗೆ ಎಲ್ಲರೂ ಎದ್ದಾಗ ನಾನು ಗಂಡಸರ ಸಾಲಿನಲ್ಲಿ ಉಸಿರು ಹಿಡಿದು ನಿಂತಿದ್ದೆ. ಪಕ್ಕದವಳು ಚಾಚಿದ ಕೈಯನ್ನು ಬೇಡವೆಂದು ಸರಿಸಿ, ನೆಲಕ್ಕೆ ಒಂದೇ ಅಂಗೈ ಊರಿ ಎದ್ದಳು. ಎದ್ದವಳು ನನ್ನನ್ನು ನೋಡಿದಳು. ನಾನು ಕನ್ನಡಕ ಹುಡುಕುವವನಂತೆ ಜೇಬು ತಡಕಿದೆ. ಅದು ಮೂಗಿನ ಮೇಲೇ ಇತ್ತು, ಸ್ವಲ್ಪ ಒದ್ದೆಯಾಗಿತ್ತು.

ಪ್ರಸಾದದ ಹೊತ್ತಿಗೆ ಇವಳು ಎಲ್ಲ ಕಥೆ ಹೇಳಿದಳು. ಮುಂದಿನ ವಾರವೇ ಮಂಡಳಿಯ ಬಸ್ಸು ಬಿಸಿನೀರ ಕುಂಡಕ್ಕೆ ಹೊರಡುವುದೆಂದು ನಿಶ್ಚಯವಾಯಿತು. ಇಪ್ಪತ್ತೆರಡು ಹೆಂಗಸರು, ನಲವತ್ತನಾಲ್ಕು ಮೊಣಕಾಲು. ಒಂದೇ ಷರತ್ತು: "ವೈನಿ, ನಿಮ್ಮ ಯಜಮಾನ್ರು ಬರಲೇಬೇಕು."

ಭಾನುವಾರ ಬೆಳಿಗ್ಗೆ ಮಾಟುಂಗದ ಒಂದು ಉಡುಪಿ ಹೊಟೇಲಿನಲ್ಲಿ ಇಡ್ಲಿ, ಕಾಫಿ ಮುಗಿಸಿ ಬಸ್ಸು ಹತ್ತಿದೆವು. ನಾನು ಮುಂದಿನ ಸೀಟು. ಡ್ರೈವರ್ "ಎಲ್ಲರೂ ಬಂದ್ರಾ?" ಎಂದ. ನಾನು ಉತ್ಸಾಹದಿಂದ "ಚಲೋ!" ಎಂದೆ.

ಬಸ್ಸು ಹೊರಟದ್ದೇ ತಡ, ಹೆಂಗಸರೆಲ್ಲ ನನ್ನ ಬೆನ್ನುಹತ್ತಿದರು. "ಕಾಕಾ, ಇವತ್ತ ಏನು ಮರ್ತೀರಿ? ಚೀಲ ತಗೀರಿ ನೋಡೋಣು!"

ನಾನು ಒಂದೊಂದಾಗಿ ತೆಗೆದು ತೋರಿಸಿದೆ. ಸಾಬೂನು ಇದೆ. ಪಂಚೆ ಇದೆ. ಥರ್ಮಾಮೀಟರ್ ಇದೆ. ಹಿಂದಿನ ಸೀಟುಗಳಲ್ಲಿ ನಿರಾಶೆಯ ಉದ್ಗಾರ. ಕೊನೆಗೆ ಚೀಲದ ತಳ ತಡಕಿದೆ. ಟಾವೆಲ್ಲು ಇಲ್ಲ.

"ಟಾವೆಲ್ಲು!" ಎಂದು ಇಡೀ ಬಸ್ಸು ಚಪ್ಪಾಳೆ ತಟ್ಟಿತು. "ವೈನಿ, ಟಾವೆಲ್ಲು ಮರ್ತಾರ! ವೈನೀ?"

ವೈನಿಯ ಸೀಟು ಖಾಲಿ ಇತ್ತು.

ಆಗ ನನಗೆ ನೆನಪಾಯಿತು. ಹತ್ತಿದ ಬಸ್ಸಿನಿಂದ ಮತ್ತೆ ಇಳಿಯುವಾಗ ಅವಳು ನನ್ನ ಕಿವಿಯ ಹತ್ತಿರವೇ ಹೇಳಿದ್ದಳು: "ಟಾವೆಲ್ಲು ಹೊಟೇಲಿನ ಕುರ್ಚಿ ಮ್ಯಾಲ ಬಿಟ್ಟೀರಿ. ತರ್ತೀನಿ, ಬಸ್ ತಡೀರಿ." ನಾನು ಹೂಂ ಎಂದಿದ್ದೆ.

ಅಷ್ಟರಲ್ಲಿ ಸಿಗ್ನಲ್ ಬಿತ್ತು. ಬಸ್ಸು ನಿಂತಿತು. ಬಾಗಿಲ ಮೇಲೆ ಧಡಧಡ ಸದ್ದು. ತೆರೆದರೆ ನನ್ನ ಹೆಂಡತಿ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಟಾವೆಲ್ಲು. ಹೊಟೇಲಿನಿಂದ ಸಿಗ್ನಲ್‌ವರೆಗೆ ಬಸ್ಸಿನ ಹಿಂದೆ ಓಡಿ ಬಂದಿದ್ದಳು. ಕಂಬಿ ಹಿಡಿಯದೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿದವಳೇ ಟಾವೆಲ್ಲನ್ನು ನನ್ನ ಮುಖಕ್ಕೆ ಎಸೆದಳು.

"ಸ್ಕೂಟರ್ ಆತು. ಈಗ ಹೆಂಡ್ತಿ!"

ಅಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದ ಹಿರಿಯ ಹೆಂಗಸು ಬಾಯಿ ತೆರೆದು ಅವಳ ಕಾಲನ್ನೇ ನೋಡುತ್ತ ಕೇಳಿದರು, "ವೈನಿ... ನಿಮ್ಮ ಮೊಣಕಾಲು?"

ಹೆಂಡತಿ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಮತ್ತೆ ನನ್ನನ್ನು ನೋಡಿದಳು. ತುಟಿಯ ತುದಿಯಲ್ಲಿ ನಗು ತಡೆಯದಾಯಿತು.

"ಅಯ್ಯ, ಅವನ್ನ ನಾನೂ ಮರ್ತಿದ್ದೆ ನೋಡ್ರಿ!"