ಅಳಿಯನಗುಂಡಿಯ ನಿಜವಾದ ಕಥೆ

ಹೆಣ್ಣು ನೋಡಲು ಹೋಗುವವರು ಜಾತಕ ನೋಡುತ್ತಾರೆ, ಮನೆತನ ವಿಚಾರಿಸುತ್ತಾರೆ. ಆ ಊರಿಗೆ ಆ ಹೆಸರು ಏಕೆ ಬಂತು ಎಂದು ಮಾತ್ರ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಬಸರೀಕಟ್ಟೆಯ ಆಚೆಗಿರುವ ನನ್ನ ಮಾವನ ಊರಿನ ಹೆಸರು ಅಳಿಯನಗುಂಡಿ.

ಮೊಬೈಲಿಗೆ ಸಿಗ್ನಲ್ ಹುಡುಕಿಕೊಂಡು ಜನ ಗುಡ್ಡ ಹತ್ತುತ್ತಿದ್ದ ಕಾಲವದು. ಮದುವೆಯಾದ ಹೊಸತು. ಯುಗಾದಿಗೆಂದು ಹೆಂಡತಿಯೊಡನೆ ನರಸಿಂಹರಾಜಪುರದಿಂದ ಹೊರಟೆ. ಗರಿಗರಿ ಪಂಚೆ, ಕೈಯಲ್ಲಿ ಸ್ವೀಟ್ ಬಾಕ್ಸು. "ಅಳಿಯನಗುಂಡಿ ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದಾಗ ನಾನು ಎದ್ದು ನಿಂತೆ. ಇಡೀ ಬಸ್ಸು ನಕ್ಕಿತು.

ಊಟಕ್ಕೆ ಕೂತಾಗ ಹೆಸರಿನ ಮೂಲವನ್ನು ಮಾವನವರಲ್ಲಿ ಕೇಳಿದೆ. "ಹಿಂದೆ ಒಬ್ಬ ಅಳಿಯ ಹಬ್ಬಕ್ಕೆ ಬಂದಿದ್ನಂತೆ. ಮಿತಿಮೀರಿ ತಿಂದ. ಕೈ ತೊಳೆಯೋಕೆ ಬಗ್ಗಿದವ ಹಾಗೇ ಉರುಳಿ ನಮ್ಮೂರ ನೀರಿನ ಗುಂಡಿಗೆ ಬಿದ್ದ" ಎಂದರು. ನಾನು ಎತ್ತಿಕೊಂಡಿದ್ದ ಹೋಳಿಗೆಯನ್ನು ಮೆಲ್ಲನೆ ಎಲೆಗೆ ಇಳಿಸಿದೆ. ಪಕ್ಕದ ಮನೆಯ ನಾಗಮ್ಮ ಇದನ್ನು ಒಪ್ಪಲಿಲ್ಲ. "ಅದಲ್ಲ ಮಾರಾಯ್ರೆ. ನೀರಲ್ಲಿ ತನ್ನದೇ ಮುಖ ಕಂಡು, ಯಾರೋ ದೊಡ್ಡ ಮನುಷ್ಯರು ಅಂತ ನಮಸ್ಕಾರ ಮಾಡೋಕೆ ಹೋಗಿ ಬಿದ್ದದ್ದು." ಹೀಗೆ ಮನೆಗೊಂದು ಕಥೆ. ಎಲ್ಲದರಲ್ಲೂ ಅಳಿಯ ಪೆದ್ದ. ಕಥೆ ಮುಗಿಸಿದವರೆಲ್ಲ ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಹೆಂಡತಿಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಇದನ್ನು ಹೀಗೇ ಬಿಟ್ಟರೆ ಜೀವಮಾನವಿಡೀ ಉಳಿಗಾಲವಿಲ್ಲ ಎನಿಸಿತು. ಸಂಜೆ ಪಂಚಾಂಗ ಕೇಳಲು ಊರವರೆಲ್ಲ ಸೇರಿದ್ದಾಗ, ಅವರಿಗೆ ನಿಜವಾದ ಕಥೆ ಹೇಳಿದೆ. ಅಂದರೆ, ಅಲ್ಲೇ ಕೂತು ಕಟ್ಟಿದೆ. ಭೀಕರ ಬೇಸಿಗೆ. ದನಗಳಿಗೂ ನೀರಿಲ್ಲ. ಹಬ್ಬಕ್ಕೆ ಬಂದ ಅಳಿಯ ಎಲೆಯ ಮುಂದಿನಿಂದ ಎದ್ದು, ಹೊಸ ಪಂಚೆಯನ್ನು ಎತ್ತಿ ಕಟ್ಟಿ, ಒಬ್ಬನೇ ಗುದ್ದಲಿ ಹಿಡಿದು ಅಗೆದ. ನೀರು ಚಿಮ್ಮಿತು. ಹೇಳುತ್ತ ಹೇಳುತ್ತ ನಾನೇ ಅದನ್ನು ನಂಬಿಬಿಟ್ಟೆ. ನಾಗಮ್ಮ ಕಣ್ಣೊರೆಸಿಕೊಂಡು, "ಅಯ್ಯೋ, ಅಂಥ ಪುಣ್ಯಾತ್ಮನ್ನ ಇಷ್ಟು ದಿನ ಆಡ್ಕೊಂಡ್ವಲ್ಲ!" ಎಂದರು. ಹೆಂಡತಿ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದಳು.

ಮರುವರ್ಷದ ಯುಗಾದಿಗೆ ಹೋದಾಗ ಮಾವನವರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಕುಂಕುಮ ಹಚ್ಚಿದ ಗುದ್ದಲಿ.

"ಬನ್ನಿ ಅಳಿಯಂದ್ರೆ. ಗುಂಡಿಯ ಹೂಳೆತ್ತೋದು ಈ ಊರಿನ ಅಳಿಯಂದಿರ ಹಕ್ಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ನೀವೇ ಕೊನೆ, ಉಳಿದವರೆಲ್ಲ ಆಗ್ಲೇ ಇಳಿದಾಯ್ತು."

ಹೋಗಿ ನೋಡಿದರೆ ಊರಿನ ಅಳಿಯಂದಿರೆಲ್ಲ ಮೊಣಕಾಲುದ್ದ ಕೆಸರಿನಲ್ಲಿದ್ದರು. ಕೊಪ್ಪದ ಮೇಷ್ಟ್ರ ಕನ್ನಡಕದಿಂದಲೂ ಕೆಸರು ತೊಟ್ಟಿಕ್ಕುತ್ತಿತ್ತು. ದಡದಲ್ಲಿ ಅತ್ತೆಯಂದಿರು ಕೊಡೆ ಹಿಡಿದು ಕೂತು, "ನಮ್ಮವನು ಅಗೆಯೋ ಚಂದ ನೋಡೆ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ನಾನೂ ಇಳಿದೆ. ಪಕ್ಕದಲ್ಲಿದ್ದ ಶೃಂಗೇರಿಯ ಬಟ್ಟೆ ಅಂಗಡಿಯ ಅಳಿಯ, ಧಡೂತಿ ಆಸಾಮಿ, ಸೊಂಟ ಹಿಡಿದುಕೊಂಡು ನೆಟ್ಟಗಾದ. ಕೈಯಲ್ಲಿ ಹಾರೆಯಿತ್ತು.

"ಈ ಸುಡುಗಾಡು ಪದ್ಧತಿ ಶುರು ಮಾಡಿದವ ಯಾರು ಮಾರಾಯ? ಒಂದ್ಸಲ ನನ್ನ ಕೈಗೆ ಸಿಗ್ಬೇಕು!"

"ಹಳೇ ಕಾಲದವರು. ಅವರಿಗೆ ಬೇರೆ ಕೆಲಸ ಇರ್ಲಿಲ್ಲ" ಎಂದು ನಾನೂ ಮನಸಾರೆ ಬೈದೆ. ಅಷ್ಟರಲ್ಲಿ ದಡದ ಮೇಲೆ ಮಾವನವರು ಯಾರಿಗೋ ಏನೋ ಹೇಳುತ್ತ, ಹೆಮ್ಮೆಯಿಂದ ನನ್ನತ್ತ ಕೈ ತೋರಿಸುವುದು ಕಂಡಿತು. ಬಗ್ಗಿ ಎರಡು ಬೊಗಸೆ ಕೆಸರು ತೆಗೆದು ಮುಖಕ್ಕೆ ಚೆನ್ನಾಗಿ ಮೆತ್ತಿಕೊಂಡೆ.